ನಟಿ ಮರಳಿದರು, ನಿರ್ದೇಶಕಿ?

ನೀನಾ ಗುಪ್ತಾ ಅವರ ಬಗ್ಗೆ ಈಗ ಬರೆಯುವವರು ಹೆಚ್ಚಾಗಿ 2017ರಿಂದ ಶುರು ಮಾಡುತ್ತಾರೆ. ಮುಂಬೈಯಲ್ಲೇ ಇದ್ದೇನೆ, ಒಳ್ಳೆಯ ನಟಿ, ಒಳ್ಳೆಯ ಪಾತ್ರ ಬೇಕು ಎಂದು ಇನ್‌ಸ್ಟಾಗ್ರಾಮಿನಲ್ಲಿ ಅವರು ಸಂಕೋಚ ಬಿಟ್ಟು ಕೆಲಸ ಕೇಳಿದ್ದು, ಮರುವರ್ಷವೇ ‘ಬಧಾಯಿ ಹೋ’ ಬಂದದ್ದು, ಬೆಳೆದ ಮಗನಿರುವಾಗಲೇ ಮತ್ತೆ ಬಸುರಿಯಾದ ತಾಯಿಯ ಪಾತ್ರದಲ್ಲಿ ಗೆದ್ದದ್ದು, ಆಮೇಲೆ ‘ಪಂಚಾಯತ್’ನ ಮಂಜುದೇವಿ. ಕತೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಈ ಸಂಭ್ರಮದಲ್ಲಿ ಒಬ್ಬರನ್ನು ಎಲ್ಲರೂ ಮರೆತಿದ್ದಾರೆ. 1998ರಲ್ಲಿ ಸ್ಟಾರ್ ಪ್ಲಸ್‌ಗಾಗಿ ‘ಸಾಂಸ್’ ಧಾರಾವಾಹಿಯನ್ನು ನಿರ್ದೇಶಿಸಿ, ಅದರಲ್ಲಿ ನಾಯಕಿಯೂ ಆಗಿದ್ದ ನೀನಾ ಗುಪ್ತಾ. ನನ್ನ ಮಟ್ಟಿಗೆ ಈಗಿನ ನಟಿಗಿಂತ ಆ ನಿರ್ದೇಶಕಿಯೇ ಒಂದು ಕೈ ಮೇಲು.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಬಂದ ಈ ನಟಿಯನ್ನು ಎಲ್ಲಿ ಕೂರಿಸಬೇಕೆಂದು ಹಿಂದಿ ಸಿನಿಮಾಕ್ಕೆ ಕೊನೆಗೂ ತಿಳಿಯಲಿಲ್ಲ. ‘ಜಾನೇ ಭೀ ದೋ ಯಾರೋ’ದಲ್ಲಿ ಬಿಲ್ಡರ್‌ನ ಸೆಕ್ರೆಟರಿ, ‘ಖಳನಾಯಕ್’ನಲ್ಲಿ ಮಾಧುರಿ ದೀಕ್ಷಿತ್ ಜೊತೆ ಒಂದು ಹಾಡು. ಮರ್ಯಾದೆಯ ಕೆಲಸ ಸಿಕ್ಕಿದ್ದು ದೂರದರ್ಶನದಲ್ಲಿ: ‘ಖಾನ್‌ದಾನ್’, ಬೆನಗಲ್ ಅವರ ‘ಯಾತ್ರಾ’, ಗುಲ್ಜಾರ್ ಅವರ ‘ಮಿರ್ಜಾ ಗಾಲಿಬ್’ನ ನವಾಬ್ ಜಾನ್. ತೊಂಬತ್ತರ ದಶಕದ ಮೊದಲಲ್ಲಿ ಹಳೆ ದೆಹಲಿಯ ಮೇಲೆ ‘ಬಾಜಾರ್ ಸೀತಾರಾಂ’ ಎಂಬ ಸಾಕ್ಷ್ಯಚಿತ್ರ ಮಾಡಿ ಅವರು ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಹಾಗಾಗಿ ‘ಸಾಂಸ್’ ಕೆಲಸವಿಲ್ಲದ ನಟಿಯೊಬ್ಬಳು ತನಗೆ ತಾನೇ ಹೊಂದಿಸಿಕೊಂಡ ಪಾತ್ರ ಎಂದು ಮೂಗು ಮುರಿಯುವ ಹಾಗಿಲ್ಲ.

ಕತೆಯಲ್ಲಿ ಹೊಸತೇನೂ ಇರಲಿಲ್ಲ. ಗಂಡ, ಮನೆ, ಮಕ್ಕಳು ಎಂದುಕೊಂಡೇ ಬದುಕಿದ ಪ್ರಿಯಾ. ಮನೀಷಾಳಿಗೆ ಮನಸೋತು ಮನೆ ಬಿಡುವ ಗಂಡ ಗೌತಮ್. ಇಷ್ಟನ್ನು ಯಾರು ಬೇಕಾದರೂ ಬರೆದಾರು. ನಿರ್ದೇಶಕಿಯ ಕಸುಬು ಕಾಣುವುದು ಮನೀಷಾಳನ್ನು ನಡೆಸಿಕೊಂಡ ರೀತಿಯಲ್ಲಿ. ಕವಿತಾ ಕಪೂರ್ ಆಡಿದ ಆ ಪಾತ್ರಕ್ಕೆ ಓರೆನೋಟವಿಲ್ಲ, ಹಿನ್ನೆಲೆಯಲ್ಲಿ ಬುಸುಗುಡುವ ಸಂಗೀತವಿಲ್ಲ. ಅವಳಿಗೂ ಒಂಟಿತನವಿದೆ, ಅವಳ ಆಸೆಗೂ ಒಂದು ನ್ಯಾಯವಿದೆ. ಕನ್ವಲ್‌ಜೀತ್ ಸಿಂಗ್ ಅವರ ಗೌತಮ್ ದುಷ್ಟನಲ್ಲ, ದುರ್ಬಲ. ನೋಡುವವರಿಗೆ ಅವನ ಮೇಲೆ ಸಿಟ್ಟು ಬರುತ್ತದೆ, ಆದರೆ ಅಸಹ್ಯ ಹುಟ್ಟುವುದಿಲ್ಲ. ಸಿಟ್ಟಿಗೆ ಒಬ್ಬ ಖಳನನ್ನು ಒದಗಿಸಿಬಿಟ್ಟರೆ ಟಿವಿಯ ಕೆಲಸ ಸಲೀಸು. ನೀನಾ ಆ ಸಲೀಸನ್ನು ಬೇಡವೆಂದರು.

ಅವರದು ನಟರನ್ನು ನಂಬಿದ ನಿರ್ದೇಶನ. ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖಕ್ಕೆ ಬೆಲೆ ಹೆಚ್ಚು. ಮಾತು ಮುಗಿದ ಮೇಲೂ ಪಾತ್ರಗಳಿಗೆ ಉಸಿರಾಡಲು ಸ್ವಲ್ಪ ಹೊತ್ತು ಸಿಗುತ್ತದೆ. (ನಮ್ಮಲ್ಲೂ ರಂಗಭೂಮಿಯಿಂದ ಬಂದು, ನಟಿಯಾಗಿ, ಆಮೇಲೆ ‘ಮೂಡಲಮನೆ’ಯನ್ನು ನಿರ್ದೇಶಿಸಿದ ವೈಶಾಲಿ ಕಾಸರವಳ್ಳಿ ಇದ್ದರಲ್ಲ. ನಟಿಯರು ನಿರ್ದೇಶಿಸಿದ ಧಾರಾವಾಹಿಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ಯಾರಾದರೂ ಮಾಡಬೇಕು.)

ದೋಷಗಳೂ ಇವೆ, ಮುಚ್ಚಿಡಬೇಕಿಲ್ಲ. ಕ್ಯಾಮೆರಾ ಬರಿಯ ಗುಮಾಸ್ತನ ಹಾಗೆ ದಾಖಲಿಸುತ್ತದೆ; ನೆನಪಿನಲ್ಲಿ ಉಳಿಯುವ ಒಂದು ಚೌಕಟ್ಟು ಕಷ್ಟದಲ್ಲಿ ಸಿಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಪ್ರಿಯಾಳೇ. ಮನೀಷಾಳಿಗೆ, ಗೌತಮ್‌ಗೆ ಕೊಟ್ಟ ಲೋಪಗಳಲ್ಲಿ ಕಾಲುಪಾಲನ್ನೂ ನಿರ್ದೇಶಕಿ ತನ್ನ ಪಾತ್ರಕ್ಕೆ ಕೊಟ್ಟುಕೊಂಡಿಲ್ಲ. ಪ್ರಿಯಾಳ ಸಹನೆ ಕೆಲವು ಕಡೆ ಉಸಿರುಗಟ್ಟಿಸುತ್ತದೆ. ಈ ಹೆಂಗಸಿನ ಒಳ್ಳೆಯತನವೇ ಗಂಡನಿಗೆ ಭಾರವಾಯಿತೇನೋ ಎಂಬ ಕೆಟ್ಟ ಅನುಮಾನ ನೋಡುಗರಲ್ಲಿ ಮೂಡಿದರೂ ಧಾರಾವಾಹಿ ಅದನ್ನು ಎದುರಿಸದೆ ಪಕ್ಕಕ್ಕೆ ಸರಿಯುತ್ತದೆ. ನಾಯಕಿಯ ಕುರ್ಚಿಯಲ್ಲಿ ಬೇರೊಬ್ಬ ನಟಿ ಕೂತಿದ್ದರೆ ನೀನಾ ಇಷ್ಟು ಮೆತ್ತಗಾಗುತ್ತಿರಲಿಲ್ಲ.

ಇಂಥ ತಪ್ಪುಗಳನ್ನು ತಿದ್ದಿಕೊಳ್ಳುವುದು ಮುಂದಿನ ಕೆಲಸದಲ್ಲಿ. ಆ ಮುಂದಿನ ಕೆಲಸಕ್ಕೆ ನೆಲವೇ ಉಳಿಯಲಿಲ್ಲ. 2000ದ ಜುಲೈ 3ರಂದು ಅದೇ ಸ್ಟಾರ್ ಪ್ಲಸ್‌ನಲ್ಲಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಶುರುವಾಯಿತು. ವಾರಕ್ಕೊಂದು ಕಂತಿನ ಕಾಲ ಹೋಗಿ ದಿನದಿನದ ಕಂತಿನ ಕಾಲ ಬಂತು. ವಾರದ ಧಾರಾವಾಹಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು, ನಟರೊಂದಿಗೆ ಕೂತು ದೃಶ್ಯವನ್ನು ಪಳಗಿಸಬಹುದು. ದಿನಕ್ಕೊಂದು ಕಂತು ಒಪ್ಪಿಸಬೇಕಾದಲ್ಲಿ ಬೇಕಾದದ್ದು ಒಂದೇ ಮುಖವನ್ನು ಮೂರು ಸಲ ಮೂರು ಕೋನದಿಂದ ತೋರಿಸಿ ನಿಮಿಷ ತುಂಬಿಸುವ ಜಾಣತನ. ನೀನಾರ ಶಕ್ತಿಯೆಲ್ಲ ಮೊದಲನೆಯ ಬಗೆಯದು. ಸ್ವಲ್ಪ ದಿನಕ್ಕೆ ಅದೇ ಚಾನೆಲ್ ಅವರನ್ನು ‘ಕಮ್ಜೋರ್ ಕಡಿ ಕೌನ್’ ಎಂಬ ಕ್ವಿಜ್‌ನಲ್ಲಿ ಕಟುಮಾತಿನ ನಿರೂಪಕಿಯಾಗಿ ನಿಲ್ಲಿಸಿತು. ಮನೀಷಾಳನ್ನು ಕೂಡ ಬೈಯಲೊಪ್ಪದ ನಿರ್ದೇಶಕಿಗೆ ಸ್ಪರ್ಧಿಗಳನ್ನು ಗದರಿಸಿ ಮನೆಗೆ ಕಳಿಸುವ ಕೆಲಸ!

2017ರ ಆ ಪೋಸ್ಟನ್ನು ಮತ್ತೊಮ್ಮೆ ಓದಿ. ಅವರು ಕೇಳಿದ್ದು ಪಾತ್ರವನ್ನು. ಉದ್ಯಮವೂ ಕೇಳಿದ್ದನ್ನಷ್ಟೇ ಕೊಟ್ಟು, ಚಪ್ಪಾಳೆಯನ್ನೂ ತಟ್ಟಿ ಕೈತೊಳೆದುಕೊಂಡಿತು. ಎಂಟು ಹತ್ತು ಕಂತುಗಳಲ್ಲಿ ಮುಗಿಯುವ, ಮೊದಲೇ ಪೂರ್ತಿ ಬರೆದಿಟ್ಟುಕೊಳ್ಳಬಹುದಾದ ಒಟಿಟಿ ಸರಣಿ ‘ಸಾಂಸ್’ ಮಾಡಿದವರ ಕೈಗೆ ಹೇಳಿಮಾಡಿಸಿದಂತಿದೆ. ಅಂಥ ಸರಣಿಗಳಲ್ಲಿ ಅವರಿಗೆ ಸಿಗುತ್ತಿರುವುದು ಅಮ್ಮನ, ಅತ್ತೆಯ, ಪಂಚಾಯತಿ ಅಧ್ಯಕ್ಷೆಯ ಪಾತ್ರಗಳು. ಅವನ್ನವರು ಸೊಗಸಾಗಿ ಆಡುತ್ತಾರೆ. ನೋಡುವಾಗ ಮಾತ್ರ ನನಗೆ ಪದೇಪದೇ ಅನ್ನಿಸುವುದು, ಈ ದೃಶ್ಯವನ್ನು ಇವರೇ ತೆಗೆದಿದ್ದರೆ ಎದುರಿಗಿದ್ದ ನಟನೂ ಇನ್ನಷ್ಟು ಚೆನ್ನಾಗಿ ಆಡುತ್ತಿದ್ದ ಎಂದು.