ಮಂಜು ಕಂಡ ಕ್ಯಾಮರಾ

ಬೆಂಗಳೂರಿನ ಹುಡುಗರು ಹಳೇ ರೀಲು ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಸಕಲೇಶಪುರ, ಆಲೂರಿನ ಗುಡ್ಡಗಳಿಗೆ ಬರುತ್ತಿದ್ದಾರೆ. ಕತ್ತಲೆಕೋಣೆಯಲ್ಲಿ ತಾವೇ ಪ್ರಿಂಟು ಹಾಕುತ್ತಾರೆ. ಕೈಕೆಲಸ ಕಲಿಯೋದು ಒಳ್ಳೇದೇ. ಆದರೆ ನಾವು ನೋಡಿದ ಆ ಚಿತ್ರಗಳಲ್ಲಿ ಮಂಜಿದೆ, ಮಂಜರಾಬಾದ್ ಕೋಟೆಯಿದೆ, ಕಾಫಿ ಹೂವಿದೆ. ಹಣ್ಣು ಕುಯ್ಯುವ ನಮ್ಮ ಹೆಂಗಸು ಮಾತ್ರ ಬರೀ ಕಪ್ಪು ಆಕಾರ.

‘ಬೆಳಕೇ ಹಂಗಿತ್ತು’ ಅಂತಾರೆ. ಇಲ್ಲ ಸ್ವಾಮಿ. ಮೀಟರು ಮಂಜಿನ ಬಿಳುಪನ್ನು ಅಳೆದರೆ ಫಿಲ್ಮಿಗೆ ಬೆಳಕು ಕಡಿಮೆ ಬೀಳುತ್ತದೆ, ಕಪ್ಪು ಮುಖ ಮುಳುಗುತ್ತದೆ. ಹತ್ತಿರ ಹೋಗಿ ಆ ಮುಖವನ್ನೇ ಅಳೆಯಬೇಕು. ಪ್ರಿಂಟು ಹಾಕುವಾಗ ಮುಖದ ಜಾಗಕ್ಕೆ ಒಂದೆರಡು ಸೆಕೆಂಡು ಕೈ ಅಡ್ಡ ಹಿಡಿದರೆ ಕೆನ್ನೆ, ಕಣ್ಣು ತಿಳಿಯಾಗಿ ಕಾಣುತ್ತವೆ. ನೆಗೆಟಿವಿನಲ್ಲೇ ಇಲ್ಲದ್ದನ್ನು ಯಾವ ಕೈಯೂ ತರಲಾರದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದೇ ಕಪ್ಪು-ಬಿಳುಪಿನಲ್ಲಿ ಸಾಮಾನ್ಯರ ಮುಖ ತೋರಿಸಲಿಲ್ಲವೆ?

1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿತು, ಅದರ ‘ಇಂದು’ ರೀಲೂ ಹೋಯಿತು. ಈಗ ಒಂದು ರೀಲಿಗೆ ತೋಟದ ಒಂದು ದಿನದ ಕೂಲಿ ಸಾಲದು. ಅದರಲ್ಲಿ 36 ಚಿತ್ರ. ಮಂಜಿಗೆಷ್ಟು, ಮುಖಕ್ಕೆಷ್ಟು? ಪ್ರಿಂಟುಗಳನ್ನು ಲೈನುಮನೆಗಳ ಮುಂದೆ ತಂದು ಹರಡಿ. ಹೆಂಗಸರೇ ಎಣಿಸಿ ಹೇಳ್ತಾರೆ.