ಅನ್ನದ ಅಪೂರ್ಣತೆ: ಕಾಗಿಣಾ ತೀರದಿಂದ ಒಂದು ಓದು

ಶಾಹು ಪಾಟೋಳೆಯವರು 2015ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಅನ್ನ ಹೇ ಅಪೂರ್ಣ ಬ್ರಹ್ಮ’ ಎಂಬ ಗ್ರಂಥವು 2024ರಲ್ಲಿ ಭೂಷಣ್ ಕೋರಗಾಂವ್ಕರ್ ಅವರ ಅನುವಾದದಲ್ಲಿ ‘ದಲಿತ್ ಕಿಚನ್ಸ್ ಆಫ್ ಮರಾಠವಾಡ’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದಿದೆ. ಮಹಾರ್ ಮತ್ತು ಮಾಂಗ್ ಸಮುದಾಯಗಳು ಏನನ್ನು ಉಂಡವು, ಏಕೆ ಉಂಡವು, ಆ ಊಟಕ್ಕಾಗಿ ಏನೆಲ್ಲ ಕೇಳಿಸಿಕೊಂಡವು ಎಂಬುದು ಅದರ ವಸ್ತು. ದೈವಶಾಸ್ತ್ರದ ಪತ್ರಿಕೆಯೊಂದು ಇಂಥ ಕೃತಿಯನ್ನು ವಿಮರ್ಶೆಗೆ ಎತ್ತಿಕೊಳ್ಳಬೇಕೇ ಎಂದು ಕೇಳುವವರಿಗೆ ಮೂಲದ ಹೆಸರೇ ಉತ್ತರ ಕೊಡುತ್ತದೆ. ಅನ್ನವು ಪೂರ್ಣಬ್ರಹ್ಮವೆಂಬುದು ಮಹಾರಾಷ್ಟ್ರದ ಮನೆಮನೆಗಳಲ್ಲಿ ಊಟಕ್ಕೆ ಮೊದಲು ನೆನೆಯುವ ಮಾತು. ಪಾಟೋಳೆಯವರು ಅದಕ್ಕೆ ಒಂದೇ ಒಂದು ಅಕ್ಷರವನ್ನು ಸೇರಿಸಿದ್ದಾರೆ. ಯಾವ ಅನ್ನವನ್ನು ಊರು ಅನ್ನವೆಂದೇ ಎಣಿಸಲಿಲ್ಲವೋ ಆ ಅನ್ನವನ್ನು ಹೊರಗಿಟ್ಟು ಸಾರಿದ ಪೂರ್ಣತೆ ಎಂಥದು ಎಂಬ ಪ್ರಶ್ನೆ ಆ ‘ಅ’ಕಾರದಲ್ಲಿದೆ. ಇದು ದೇವರ ಕುರಿತ ಮಾತಿನ ಮೇಲೆಯೇ ಹೂಡಿದ ವಾದ. ಇಂಗ್ಲಿಷ್ ಹೆಸರು ಈ ವಾದವನ್ನು ಕೈಬಿಟ್ಟು, ಗ್ರಂಥವನ್ನು ಪ್ರಾದೇಶಿಕ ಅಡುಗೆ ಪುಸ್ತಕಗಳ ಸಾಲಿಗೆ ಕಳುಹಿಸಿಬಿಟ್ಟಿದೆ. ಅನುವಾದದಲ್ಲಿ ನಮಗೆ ತೋರಿದ ದೊಡ್ಡ ನಷ್ಟವಿದು.

ಮರಾಠವಾಡ ನಮಗೆ ದೂರದ ಸೀಮೆಯೇನೂ ಅಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಪಾಟೋಳೆಯವರ ಉಸ್ಮಾನಾಬಾದ್ ಜಿಲ್ಲೆಯೂ ನಮ್ಮ ಕಲಬುರಗಿಯೂ ಒಂದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಕಪ್ಪುಮಣ್ಣು ಒಂದೇ, ಜೋಳ ತೊಗರಿಗಳು ಒಂದೇ, ಊರಿನಿಂದ ಕೇರಿಯನ್ನು ಬೇರ್ಪಡಿಸಿದ ಗೆರೆಯೂ ಒಂದೇ. ಆದ್ದರಿಂದ ಈ ಗ್ರಂಥವನ್ನು ನಾವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸಭೆಗಳನ್ನು ಮುಂದಿಟ್ಟುಕೊಂಡು ಓದಿದ್ದೇವೆ. ಈ ಸಭೆಗಳ ಬಹುಪಾಲು ಕುಟುಂಬಗಳ ಪೂರ್ವಿಕರು ಅಂಥದೇ ಕೇರಿಗಳಿಂದ ಬಂದವರು.

ಗ್ರಂಥದಲ್ಲಿ ಇತಿಹಾಸ, ವಾದ, ನೆನಪು, ಅಡುಗೆಯ ವಿಧಾನ ಎಲ್ಲವೂ ಒಂದರೊಳಗೊಂದು ಬೆರೆತಿವೆ. ಧರ್ಮಗ್ರಂಥಗಳೂ ಸಂತಸಾಹಿತ್ಯವೂ ಆಹಾರವನ್ನು ಹೇಗೆ ಮೇಲುಕೀಳಾಗಿ ವಿಂಗಡಿಸಿದವು ಎಂದು ಲೇಖಕರು ವಿಚಾರಿಸುತ್ತಾರೆ. ಮರುಪುಟದಲ್ಲಿ ರಕ್ತವನ್ನು ಬೇಯಿಸುವ ಬಗೆಯನ್ನೋ, ಖಂಡವನ್ನು ಎಳೆಎಳೆಯಾಗಿ ಕೊಯ್ದು ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆ ಕಾಪಿಡುವ ಬಗೆಯನ್ನೋ ವಿವರಿಸುತ್ತಾರೆ. ಈ ಅಡುಗೆಮನೆಯಲ್ಲಿ ಹಾಲುತುಪ್ಪಗಳಿಲ್ಲ, ಎಣ್ಣೆಯೂ ಅಪರೂಪ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಸೊಪ್ಪು, ಊರು ಬೇಡವೆಂದು ಬಿಟ್ಟ ಪ್ರಾಣಿಯ ಭಾಗಗಳು, ಉಪ್ಪು, ಖಾರ ಇಷ್ಟರಲ್ಲೇ ರುಚಿಯನ್ನು ಹುಟ್ಟಿಸಬೇಕು. ಲೇಖಕರು ಇದಕ್ಕಾಗಿ ನಮ್ಮ ಕನಿಕರವನ್ನು ಬೇಡುವುದಿಲ್ಲ. ಸುಂದರವೆಂದು ತೋರಿಸುವ ಆತುರವೂ ಅವರಿಗಿಲ್ಲ. ಗ್ರಂಥದ ಬಲವಿರುವುದು ಈ ಸಂಯಮದಲ್ಲಿ.

ನಮ್ಮ ಭಾಗದ ಊಟಕ್ಕೆ ಈಚೆಗೆ ಬಂದಿರುವ ಮನ್ನಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅನ್ನ ಉಣ್ಣುವವರ ಎದುರಿಗೆ ರೊಟ್ಟಿ ಉಣ್ಣುವವರು ಸಂಕೋಚಪಡುತ್ತಿದ್ದ ಕಾಲವೊಂದಿತ್ತು. ಈಗ ಬೆಂಗಳೂರಿನ ಮದುವೆಯೂಟದಲ್ಲಿಯೂ ಜೋಳದ ರೊಟ್ಟಿ ತಟ್ಟುವ ಹೆಣ್ಣುಮಕ್ಕಳನ್ನು ಕೂಡಿಸಿ ತೋರಿಸುತ್ತಾರೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪುಂಡಿಪಲ್ಲೆ, ಶೇಂಗಾ ಹಿಂಡಿ, ಎಣ್ಣೆಗಾಯಿಗಳು ಕಲ್ಯಾಣ ಕರ್ನಾಟಕದ ಗುರುತುಗಳಾಗಿವೆ. ಇದು ಸಂತೋಷದ ಸಂಗತಿಯೇ. ಆದರೆ ಈ ಭಾಗದ ಪೇಟೆಗಳಲ್ಲಿ ಖಾನಾವಳಿಗಳ ಫಲಕಗಳನ್ನು ಓದುತ್ತ ನಡೆದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಲಿಂಗಾಯತ ಖಾನಾವಳಿಯುಂಟು, ಸಾವಜಿ ಖಾನಾವಳಿಯುಂಟು. ಜಾತಿಯ ಹೆಸರು ಅಲ್ಲಿ ಶುಚಿರುಚಿಗಳ ಭರವಸೆ. ಯಾವ ಜಾತಿಯ ಹೆಸರನ್ನು ಫಲಕಕ್ಕೆ ಬರೆಸಿದರೆ ಗಿರಾಕಿ ಒಳಗೆ ಕಾಲಿಡುವುದಿಲ್ಲವೋ ಆ ಜಾತಿಯ ಕೈಯಡುಗೆ ನಮ್ಮ ‘ಪ್ರಾದೇಶಿಕ ಊಟ’ದ ತಾಟಿನಲ್ಲಿ ಇಲ್ಲ. ಜೋಳವನ್ನು ಬಿತ್ತಿ, ಕೊಯ್ದು, ರಾಶಿ ಮಾಡಿದವರಲ್ಲಿ ಅವರಿದ್ದರು; ರೊಟ್ಟಿಯ ಗೌರವ ಹಂಚುವಾಗ ಅವರ ಒಲೆಯ ನೆನಪು ಯಾರಿಗೂ ಬರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಕಟಣೆಯೊಂದು ಮದ್ಯ ತಂಬಾಕುಗಳ ಜೊತೆಗೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿತ್ತು. ಪ್ರತಿಭಟನೆ ನಡೆದು, ಕಡೆಯ ದಿನ ಊಟದಲ್ಲಿ ಮೊಟ್ಟೆ ಬಂದಿತು. ವ್ಯವಸ್ಥೆಯ ಅನುಕೂಲಕ್ಕಾಗಿ ಸಸ್ಯಾಹಾರವನ್ನು ಬಡಿಸುವುದು ಒಂದು ವಿಷಯ. ಮಾಂಸವನ್ನು ಮದ್ಯದ ಸಾಲಿನಲ್ಲಿ ಬರೆಯುವುದು ಬೇರೆಯೇ ವಿಷಯ.

ಸಸ್ಯಾಹಾರದ ಹಿಂದೆ ಯಾವಾಗಲೂ ತಿರಸ್ಕಾರವೇ ಇರುತ್ತದೆಂದು ನಾವು ಹೇಳುತ್ತಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಬಹುಕಾಲ ಬೇರೂರಿದ್ದ ಜೈನರ ಅಹಿಂಸೆಯ ವ್ರತವಾಗಲಿ, ಶರಣರ ದಾಸೋಹವಾಗಲಿ ಗೌರವಕ್ಕೆ ಅರ್ಹವಾದವು. ಶಿವನು ಚೋಳರಾಜನ ಷಡ್ರಸದ ನೈವೇದ್ಯವನ್ನು ಬಿಟ್ಟು ಮಾದಾರ ಚೆನ್ನಯ್ಯನ ಅಂಬಲಿಗೆ ಒಲಿದ ಕಥೆ ನಮ್ಮ ನೆಲದ ಅಮೂಲ್ಯ ಸೊತ್ತು. ಆದರೂ ಕೇಳಬೇಕಾದ ಮಾತೊಂದಿದೆ: ಚೆನ್ನಯ್ಯನ ಮಡಕೆಯಲ್ಲಿ ಅಂಬಲಿಯ ಬದಲು ಖಂಡ ಕುದಿಯುತ್ತಿದ್ದರೆ ಆ ಕಥೆ ಅಷ್ಟೇ ಸಲೀಸಾಗಿ ಪುರಾಣಪ್ರವಚನಕ್ಕೆ ಏರುತ್ತಿತ್ತೇ? ತಾನೇ ರುಚಿ ನೋಡಿದ ಮಾಂಸವನ್ನು ಲಿಂಗಕ್ಕೆ ಅರ್ಪಿಸಿದ ಬೇಡರ ಕಣ್ಣಪ್ಪನೂ ಅದೇ ಪರಂಪರೆಯ ಭಕ್ತನೇ. ಅವನು ಕಣ್ಣನ್ನು ಕೊಟ್ಟದ್ದನ್ನು ಹೇಳುವಷ್ಟು ಹೊತ್ತು ಅವನು ತಂದ ನೈವೇದ್ಯದ ಮೇಲೆ ಪ್ರವಚನಕಾರರು ನಿಲ್ಲುವುದಿಲ್ಲ.

ಪರರ ಪ್ರವಚನವನ್ನು ತೂಗುವುದು ಸುಲಭ. ನಮ್ಮ ಸಭೆಯ ಮಾತು ಇನ್ನೂ ಕಠಿಣವಾದದ್ದು. ಸುವಾರ್ತೆಯು ಕೇರಿಗಳಿಗೆ ಬಂದಾಗ, ಸತ್ತ ದನದ ಮಾಂಸವನ್ನು ಬಿಡುವುದು ಹೊಸ ಜೀವನದ ಗುರುತೆಂದು ಬೋಧಿಸಲ್ಪಟ್ಟಿತು. ಅದರಲ್ಲಿ ತಪ್ಪಿಲ್ಲ, ಅಂಬೇಡ್ಕರರೂ 1927ರಲ್ಲಿ ಮಹಾಡಿನಲ್ಲಿ ತಮ್ಮ ಜನರಿಗೆ ಅದನ್ನೇ ಹೇಳಿದರು. ಊರಿನವರ ಸತ್ತ ಎತ್ತನ್ನು ಎಳೆದೊಯ್ಯುವ ಬಿಟ್ಟಿ ಚಾಕರಿಗೆ ಕೂಲಿಯಾಗಿ ದೊರೆಯುತ್ತಿದ್ದ ಆ ಮಾಂಸವನ್ನು ನಿರಾಕರಿಸುವುದೆಂದರೆ ಚಾಕರಿಯನ್ನೇ ನಿರಾಕರಿಸುವುದಾಗಿತ್ತು. ಆದರೆ ಬಲವಂತದ ಆಹಾರವನ್ನು ಬಿಡುವುದಕ್ಕೂ ತಾಯಿಯ ಅಡುಗೆಗೆ ನಾಚುವುದಕ್ಕೂ ನಡುವೆ ಇರುವ ಗೆರೆಯನ್ನು ಸಭೆಯು ಕಾಯ್ದುಕೊಳ್ಳಲಿಲ್ಲ. ಮೊದಲನೆಯದು ವಿಮೋಚನೆ, ಎರಡನೆಯದು ಹೊಸ ವೇಷದ ದಾಸ್ಯ. ದನದ ಖಂಡಕ್ಕೆ ಹೆಸರಿಡದೆ ‘ದೊಡ್ಡದು’ ಎಂದು ತಗ್ಗಿದ ದನಿಯಲ್ಲಿ ಹೇಳುವ ವಾಡಿಕೆ ನಮ್ಮ ವಿಶ್ವಾಸಿಗಳ ಮನೆಗಳಲ್ಲಿ ಇಂದಿಗೂ ಇದೆ. ಪ್ರೀತಿಭೋಜನಕ್ಕೆ ಕುರಿಯ ಬಿರಿಯಾನಿ ಬರುತ್ತದೆ, ಇಲ್ಲವೇ ಬೇಳೆಹುಳಿ ಬರುತ್ತದೆ. ಮನೆಯಲ್ಲಿ ಉಣ್ಣುವುದು ದೇವಾಲಯದ ಅಂಗಳಕ್ಕೆ ಬರುವುದಿಲ್ಲ. ಪಾಟೋಳೆಯವರ ಗ್ರಂಥವು ಈ ಗೆರೆಯನ್ನು ಸಭೆಗಿಂತ ಸ್ಪಷ್ಟವಾಗಿ ಕಾಣಿಸುತ್ತದೆ ಎಂಬುದು ನಮ್ಮ ನಿರ್ಣಯ.

ಈ ನಾಚಿಕೆಗೆ ವೇದಪಾಠದ ಆಧಾರವನ್ನೂ ಕೊಡಲಾಗಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ, ತಾನು ಉಣ್ಣುವ ಮಾಂಸ ಬಲಹೀನನಾದ ಸಹೋದರನಿಗೆ ವಿಘ್ನವಾಗುವುದಾದರೆ ಅದನ್ನು ಮುಟ್ಟೆನೆಂದು ಪೌಲನು ಹೇಳುತ್ತಾನೆ. ‘ಊರಿನವರಿಗೆ ವಿಘ್ನವಾಗಬಾರದು’ ಎಂಬ ಉಪದೇಶ ಇಲ್ಲಿಂದ ಬಂದದ್ದು. ಆದರೆ ಅಲ್ಲಿ ಬಲಹೀನರು ಯಾರು? ಗೆರ್ಡ್ ಟೈಸನ್ ಅವರು 1970ರ ದಶಕದಲ್ಲಿ ತೋರಿಸಿದಂತೆ, ಕೊರಿಂಥದಲ್ಲಿ ಮಾಂಸವನ್ನು ನಿತ್ಯವೂ ಉಣ್ಣಬಲ್ಲವರು ಉಳ್ಳವರು. ಬಡವರಿಗೆ ಅದು ವಿಗ್ರಹದ ಹಬ್ಬಗಳಂದು ಮಾತ್ರ ದೊರೆಯುತ್ತಿದ್ದುದರಿಂದ ಅವರ ಮನಸ್ಸಿನಲ್ಲಿ ಮಾಂಸಕ್ಕೂ ಪೂಜೆಗೂ ಗಂಟುಬಿದ್ದಿತ್ತು. ಪೌಲನು ಬಲವುಳ್ಳವರಿಗೆ ಬಿಟ್ಟುಕೊಡಿರೆಂದನು. ನಮ್ಮಲ್ಲಿ ಈ ಪಾಠ ತಲೆಕೆಳಗಾಗಿದೆ: ಜಮೀನೂ ಪಂಚಾಯತಿಯೂ ಕೈಯಲ್ಲಿರುವವನು ಬಲಹೀನ ಮನಸ್ಸಾಕ್ಷಿಯವನೆನಿಸಿಕೊಂಡಿದ್ದಾನೆ, ಕೂಲಿಯವನು ಬಲವುಳ್ಳವನಾಗಿ ತನ್ನ ತುತ್ತನ್ನು ತ್ಯಜಿಸಬೇಕಾಗಿದೆ. ಪೌಲನ ಮಾತನ್ನು ಹೀಗೆ ಬಳಸುವುದು ಅಪವ್ಯಾಖ್ಯಾನ.

ನಮ್ಮ ಪರಿಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಉಣ್ಣುತ್ತಿದ್ದ ಪೇತ್ರನು, ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದು ಬೇರೆಯಾದನು. ಬಾರ್ನಬನೂ ಅವನ ಜೊತೆ ಸೇರಿಕೊಂಡನು. ಪೌಲನು ಎಲ್ಲರ ಮುಂದೆ ಅವನನ್ನು ಖಂಡಿಸಿದನು. ಯೊಪ್ಪದ ದರ್ಶನವನ್ನು ಕಂಡವನೂ ಇದೇ ಪೇತ್ರನೇ. ಆ ದರ್ಶನದ ಬಗ್ಗೆ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ವಿವರವೊಂದಿದೆ. ಅವನು ತಂಗಿದ್ದದ್ದು ಸಮುದ್ರದ ಬಳಿ ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಅವನಿಗೆ ಹಸಿವಾಗಿತ್ತು, ಕೆಳಗೆ ಅಡುಗೆ ಆಗುತ್ತಿತ್ತು. ಹೊಲಸೆಂದು ಎಣಿಸುವ ಕಸುಬಿನವನೊಬ್ಬನ ಮಾಳಿಗೆಯ ಮೇಲೆ, ಅವನ ಒಲೆಯ ವಾಸನೆಯ ನಡುವೆ, ದೇವರು ಶುದ್ಧಾಶುದ್ಧದ ಮಾತನ್ನು ತೆಗೆದನು. ನಮ್ಮ ವ್ಯಾಖ್ಯಾನಗಳು ಕೊರ್ನೇಲ್ಯನ ಮನೆಗೆ ಅವಸರದಿಂದ ಓಡುತ್ತವೆ; ಸೀಮೋನನ ಮನೆಯಲ್ಲಿ ಒಂದು ಹೊತ್ತು ಕೂಡುವುದಿಲ್ಲ. ಮಾದಿಗರ ಕೇರಿಯಿಂದ ಬಂದ ಸಭೆಯೂ ಹೀಗೆ ದಾಟಿಹೋಗುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಇದೆಲ್ಲವೂ ಅಭಿಮಾನ ಸ್ವಾಭಿಮಾನಗಳ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ, ನಮ್ಮ ಮಾತಿನಲ್ಲಿ ತತ್ತಿ, ಕೊಡಲು ಆರಂಭವಾಯಿತು, ಒಲ್ಲದವರಿಗೆ ಬಾಳೆಹಣ್ಣು. ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾಬಾಲಕಿಯೊಬ್ಬಳು ತತ್ತಿ ಬೇಕೇ ಬೇಕೆಂದು ಎದುರು ಮಾತನಾಡಿದ್ದನ್ನು ನಾಡೆಲ್ಲ ಕೇಳಿತು. ಯೋಜನೆ ನಿಲ್ಲಲಿಲ್ಲ, ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ವಾರಕ್ಕೆ ಆರು ದಿನವಾಯಿತು. ಸೇಡಂ ಚಿಂಚೋಳಿಗಳ ಸಭೆಗಳ ಮಕ್ಕಳೂ ಆ ಸಾಲಿನಲ್ಲಿ ತಾಟು ಹಿಡಿದು ಕೂತವರೇ. ಇನ್ನೊಂದು ಕಡೆ ಕರ್ನಾಟಕದ 2020ರ ಗೋಹತ್ಯೆ ಪ್ರತಿಬಂಧಕ ಕಾಯಿದೆಯು ಎತ್ತು ಹೋರಿಗಳನ್ನೂ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ನಿಷೇಧಕ್ಕೆ ಒಳಪಡಿಸಿ, ತಪ್ಪಿಗೆ 3ರಿಂದ 7 ವರ್ಷಗಳ ಸೆರೆವಾಸವನ್ನು ವಿಧಿಸಿತು. ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ವಧೆ ನಿಷಿದ್ಧವಾದದ್ದು 2015ರಲ್ಲಿ. ಪಾಟೋಳೆಯವರ ಗ್ರಂಥ ಹೊರಬಂದ ವರ್ಷವೇ. ಅಡುಗೆಯ ವಿಧಾನವೊಂದು ಮುದ್ರಣಕ್ಕೆ ಬಂದ ಹೊತ್ತಿಗೆ ಅದರ ಮುಖ್ಯ ಪದಾರ್ಥ ಅಪರಾಧವಾಗಿತ್ತು. ಬಡವನ ಕೈಗೆಟುಕುವ ಸಾರವತ್ತಾದ ಆಹಾರವನ್ನು ಕಾನೂನು ಕಿತ್ತುಕೊಳ್ಳುವಾಗ, ‘ಅದು ನಮ್ಮ ವಿಷಯವಲ್ಲ’ ಎಂಬ ಮೌನಕ್ಕೆ ಸಭೆಯ ಹಳೆಯ ನಾಚಿಕೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಕರ್ತನ ಭೋಜನದ ಮೇಜನ್ನೂ ಇಲ್ಲಿ ಮರೆಯುವಂತಿಲ್ಲ. ನಮ್ಮ ಕನ್ನಡ ಬೈಬಲ್ ಕ್ರಿಸ್ತನನ್ನು ಜೀವದ ರೊಟ್ಟಿಯೆಂದು ಕರೆಯುತ್ತದೆ. ಕಲಬುರಗಿ ಸೀಮೆಯಲ್ಲಿ ಆ ಪದ ಕೇಳಿದೊಡನೆ ನೆನಪಾಗುವುದು ಜೋಳದ್ದು. ಐದು ಸಾವಿರ ಮಂದಿಗೆ ಉಣಬಡಿಸಿದ್ದು ಜವೆಗೋಧಿಯ ರೊಟ್ಟಿಗಳಿಂದ ಎಂದು ಯೋಹಾನನು ಮಾತ್ರ ಬರೆಯುತ್ತಾನೆ. ಜವೆಗೋಧಿ ಬಡವರ ಧಾನ್ಯ. ಪ್ರಕಟಣೆ ಗ್ರಂಥದ ಬರಗಾಲದ ಧಾರಣೆಯಲ್ಲಿಯೂ ಒಂದು ಸೇರು ಗೋಧಿಯ ಬೆಲೆಗೆ ಜವೆಗೋಧಿ ಮೂರು ಸೇರು ಬರುತ್ತದೆ. ಹೀಗಿರಲು ಸಂಸ್ಕಾರಕ್ಕೆ ಪೇಟೆಯ ಬ್ರೆಡ್ಡೇ ಏಕೆ? ಸ್ಥಳೀಯ ಅನ್ನಪಾನಗಳನ್ನು ಬಳಸುವ ಪ್ರಶ್ನೆ ಇನ್ನೂ ಅಧ್ಯಯನ ಬೇಡುತ್ತದೆಂದು 1982ರ ಲೀಮಾ ದಸ್ತಾವೇಜು ಬಾಗಿಲನ್ನು ತೆರೆದಿಟ್ಟಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರಿನಲ್ಲಿ ನಾದಿ, ಅಂಗೈಯಿಂದ ತಟ್ಟಿಯೇ ಅದನ್ನು ಅಗಲಿಸಬೇಕು. ಆದ್ದರಿಂದ ಆ ರೊಟ್ಟಿಯಲ್ಲಿ ಒಬ್ಬರ ಕೈ ಎದ್ದು ಕಾಣುತ್ತದೆ. ಆ ಕೈ ಯಾರದು ಎಂದು ಕೇಳದೆ ರೊಟ್ಟಿಯನ್ನು ಮಾತ್ರ ಮೇಜಿಗೆ ತಂದರೆ ಅದೂ ಮದುವೆಯೂಟದ ಪ್ರದರ್ಶನವೇ ಆದೀತು. ಕೇರಿಯ ಹಿರಿಯಳೊಬ್ಬಳು ತನ್ನ ಒಲೆಯ ಮೇಲೆ, ಇತರ ದಿನಗಳಲ್ಲಿ ‘ದೊಡ್ಡದು’ ಬೇಯುವ ಅದೇ ಒಲೆಯ ಮೇಲೆ, ಸುಟ್ಟು ತಂದ ರೊಟ್ಟಿಯನ್ನು ಸಭಾಪಾಲಕರು ಮುರಿಯಬಲ್ಲರೇ, ಹಿರಿಸಭಿಕರು ಸ್ವೀಕರಿಸಬಲ್ಲರೇ ಎಂಬುದು ನಿಜವಾದ ಪರೀಕ್ಷೆ.

ಗ್ರಂಥದ ಮಿತಿಯನ್ನೂ ಹೇಳಬೇಕು. ಅದು ಎರಡು ಸಮುದಾಯಗಳ, ಒಂದು ಸೀಮೆಯ ದಾಖಲೆ. ಮತಾಂತರವಾದ ಕುಟುಂಬಗಳ ಒಲೆಗೆ ಏನಾಯಿತೆಂದು ತಿಳಿಯಲು ಅದರ ಆಚೆಗೆ ಹೋಗಬೇಕು. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿಗರು ಕುರಿಮೇಕೆಯ ರಕ್ತದಿಂದ ಮಾಡುವ ಸಳೋಯಿ, ಶಹಾಬಾದಿನ ಕಲ್ಲುಗಣಿಯ ಕೂಲಿಗಳು ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ, ವಾಡಿಯ ರೈಲ್ವೆ ಮತ್ತು ಸಿಮೆಂಟ್ ವಸತಿಗಳಲ್ಲಿ ತೆಲುಗು ಮರಾಠಿ ಕನ್ನಡದ ಮನೆಗಳು ಒಂದಕ್ಕೊಂದು ಕಲಿಸಿದ ಅಡುಗೆ, ಇವನ್ನು ಕನ್ನಡದಲ್ಲಿ ಇಷ್ಟೇ ನಿಷ್ಠುರವಾಗಿ ಬರೆದಿಟ್ಟ ಗ್ರಂಥ ನಮಗೆ ಬೇಕು. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರು ಈ ನೆಲದ ದಲಿತರ ಮಾತನ್ನು ಕಾವ್ಯಕ್ಕೆ ತಂದರು. ಅಡುಗೆಯ ಮಾತು ಇನ್ನೂ ಬಾಯಿಂದ ಬಾಯಿಗೇ ಇದೆ. ಬೇಸಿಗೆಯಲ್ಲಿ ಈ ತಾಲ್ಲೂಕುಗಳ ಸಭೆಗಳಿಗೆ ಸೇವೆಗೆಂದು ಹೋಗುವ ಸೆಮಿನರಿಯ ವಿದ್ಯಾರ್ಥಿಗಳು ಒಂದೊಂದು ಮನೆಯಲ್ಲಿ ಕೂತು, ಏನು ಬೇಯಿಸುತ್ತಿದ್ದಿರಿ, ಯಾವಾಗ ಬಿಟ್ಟಿರಿ, ಬಿಡಬೇಕೆಂದು ಯಾರು ಹೇಳಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಸಭಾಪಾಲಕರ ಹೆಸರುಗಳೂ ಇರಬಹುದು. ಅವನ್ನು ಅಳಿಸದೆ ತರಬೇಕು.