ಕಾರ್ತಾಜ್: ಕಡಲ ನಡುವೆ ಕಟ್ಟಿದ ಸುಂಕದಕಟ್ಟೆ

ಹದಿನಾರನೆಯ ಶತಮಾನದಲ್ಲಿ ಸೂರತ್ತಿನಿಂದಲೋ ಭಟ್ಕಳದಿಂದಲೋ ಸರಕು ತುಂಬಿ ಹೊರಟ ಹಡಗಿನಲ್ಲಿ ಅಕ್ಕಿ, ಬಟ್ಟೆ, ಕುಡಿಯುವ ನೀರಿನ ಜೊತೆಗೆ ಒಂದು ಕಾಗದವೂ ಇರಬೇಕಿತ್ತು. ಅದೇ ಪೋರ್ಚುಗೀಸರು ಕೊಡುತ್ತಿದ್ದ ರಹದಾರಿ, ಕಾರ್ತಾಜ್. ಹಡಗು ಎಷ್ಟು ದೊಡ್ಡದು, ನಾಖುದ (ಹಡಗಿನ ನಾಯಕ) ಯಾರು, ಎಷ್ಟು ಆಯುಧಗಳಿವೆ, ಎಲ್ಲಿಗೆ ಹೋಗುತ್ತಿದೆ ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತಿತ್ತು. ಏನನ್ನು ಸಾಗಿಸಕೂಡದು ಎಂಬ ಪಟ್ಟಿಯೂ ಇರುತ್ತಿತ್ತು. ಕಾಳುಮೆಣಸು ಮತ್ತು ಮದ್ದುಗುಂಡು ಅದರಲ್ಲಿ ಮುಖ್ಯವಾದವು. ತುರ್ಕರನ್ನು ಹತ್ತಿಸಿಕೊಳ್ಳುವುದೂ ನಿಷಿದ್ಧ. ಕಾಗದವಿಲ್ಲದೆ ಸಿಕ್ಕಿಬಿದ್ದರೆ ಹಡಗು, ಸರಕು ಎಲ್ಲವೂ ಮುಟ್ಟುಗೋಲು. ಜನ ಉಳಿದರೆ ಅದು ಅವರ ಪುಣ್ಯ.

ಕಾರ್ತಾಜಿನ ಬೆಲೆ ಪುಡಿಗಾಸು. ಇತಿಹಾಸಕಾರರಲ್ಲಿ ಕೆಲವರು ಇದನ್ನೇ ಹಿಡಿದು, ಇದೊಂದು ಹಗುರವಾದ ಆಡಳಿತ ವ್ಯವಸ್ಥೆ ಎಂಬಂತೆ ಬರೆದಿದ್ದಾರೆ. ಆದರೆ ಗಂಟು ಇದ್ದದ್ದು ಬೇರೆ ಕಡೆ. ಕಾರ್ತಾಜ್ ಪಡೆದವನು ಗೋವಾ, ದಿಯು, ಹೋರ್ಮುಜ್ ಮುಂತಾದ ಪೋರ್ಚುಗೀಸ್ ಠಾಣೆಗೆ ಬಂದು ಸುಂಕ ಕಟ್ಟಬೇಕು, ಮರಳಿ ಬರುತ್ತೇನೆ ಎಂದು ಜಾಮೀನು ಇಡಬೇಕು. ನೂರಾರು ವರ್ಷಗಳಿಂದ ಗುಜರಾತಿಗಳು, ಅರಬರು, ಮಲಬಾರಿನ ಮಾಪಿಳ್ಳೆಗಳು ಯಾರ ಅಪ್ಪಣೆಯೂ ಇಲ್ಲದೆ ಓಡಾಡುತ್ತಿದ್ದ ದಾರಿಯಲ್ಲಿ ನಿನ್ನೆ ಬಂದವನು ಕಟ್ಟೆ ಕಟ್ಟಿ ಕೂತು ಕಾಸು ಕೇಳಿದ. ಯಾವ ಅಪಾಯದಿಂದ ರಕ್ಷಿಸುತ್ತೇನೆಂದು ಹಣ ವಸೂಲು ಮಾಡುತ್ತಾನೋ ಆ ಅಪಾಯ ಅವನೇ. ನಮ್ಮ ಪೇಟೆಗಳಲ್ಲಿ ಇಂಥ ವಸೂಲಿಗೆ ಹಫ್ತಾ ಎನ್ನುತ್ತಾರೆ.

ಹೆದರಿಕೆಯ ಬುನಾದಿ ಮೊದಲೇ ಬಿದ್ದಿತ್ತು. 1502ರಲ್ಲಿ ಎರಡನೆಯ ಸಲ ಬಂದ ವಾಸ್ಕೋ ಡ ಗಾಮಾ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟುಹಾಕಿದ. ಅದೇ ಯಾನದಲ್ಲಿ ಭಟ್ಕಳಕ್ಕೂ ನುಗ್ಗಿ, ವರ್ಷವರ್ಷವೂ ಅಕ್ಕಿಯನ್ನು ಕಪ್ಪವಾಗಿ ಕೊಡುವಂತೆ ಅಲ್ಲಿನ ಅರಸನನ್ನು ಒಪ್ಪಿಸಿದ. ರಹದಾರಿಯ ಪದ್ಧತಿ ಶುರುವಾದದ್ದೂ ಆ ಹೊತ್ತಿಗೇ. ಹೀಗೆ ಬೆಂಕಿಯ ಬೆನ್ನಿಗೇ ಕಾಗದ ಬಂತು. ಪೋರ್ಚುಗೀಸರ ಚರಿತ್ರಕಾರ ಜೊವಾಂವ್ ದ ಬಾರೋಸ್ ಇದಕ್ಕೆ ಕೊಟ್ಟ ಸಮರ್ಥನೆ ಕೇಳುವಂಥದ್ದು. ಕಡಲು ಎಲ್ಲರಿಗೂ ಮುಕ್ತ ಎಂಬ ನ್ಯಾಯ ಯುರೋಪಿನ ಕ್ರೈಸ್ತರ ನಡುವಿನದು. ಮೂರರಿಗೂ (ಎಂದರೆ ಮುಸ್ಲಿಮರಿಗೂ) ವಿಗ್ರಹಾರಾಧಕರಿಗೂ ಅದು ಅನ್ವಯಿಸದು, ಎಂದು ಅವನ ವಾದ. ಕಾನೂನನ್ನು ಬರೆಯುವಾಗಲೇ ಮುಕ್ಕಾಲು ಪಾಲು ಜಗತ್ತನ್ನು ಹೊರಗಿಟ್ಟರೆ ಆಮೇಲೆ ಕಾನೂನು ಮುರಿಯುವ ಪ್ರಮೇಯವೇ ಬರುವುದಿಲ್ಲ!

ಇದರ ಬಿಸಿ ದೊಡ್ಡವರಿಗೂ ತಟ್ಟಿತು. ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ 1570ರ ದಶಕದಲ್ಲಿ ಹಜ್‌ಗೆ ಹೊರಟಾಗ ರಹದಾರಿಗಾಗಿ ಸೂರತ್ತಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಿಂದೂಸ್ತಾನದ ಪಾದಶಹನ ಮನೆಯ ಹಿರಿಯ ಹೆಂಗಸು ಹಡಗು ಹತ್ತಲು ಗೋವಾದ ಫಿರಂಗಿಗಳ, ಎಂದರೆ ಪೋರ್ಚುಗೀಸರ, ಸಹಿ ಬೇಕು! ಆ ಕಾಗದದ ಮೇಲೆ ಮೇರಿ ಮತ್ತು ಏಸುವಿನ ಚಿತ್ರಗಳಿದ್ದವೆಂದು ಅಕ್ಬರನ ಕಾಲದ ಚರಿತ್ರಕಾರ ಬದಾಯೂನಿ ಬರೆಯುತ್ತಾನೆ. ಅಂಥ ಕಾಗದ ಹಿಡಿದು ಹೋಗಬೇಕಾದ ಯಾತ್ರೆ ಕಡ್ಡಾಯವಲ್ಲ ಎಂದು ಒಬ್ಬ ಉಲೇಮಾ ಫತ್ವಾ ಕೊಟ್ಟಿದ್ದನಂತೆ. ಹಾಗೆಂದು ಅಕ್ಬರ್ ನೌಕಾಬಲ ಕಟ್ಟಲಿಲ್ಲ. ವರ್ಷಕ್ಕೊಂದು ಪುಕ್ಕಟೆ ರಹದಾರಿ ಪಡೆದು ಸುಮ್ಮನಾದ.

ಇಷ್ಟೆಲ್ಲ ಮಾಡಿಯೂ ಪದ್ಧತಿ ತನ್ನ ಗುರಿ ಮುಟ್ಟಿತೇ? ಇಲ್ಲ ಎಂಬುದೇ ನನ್ನ ಅಭಿಪ್ರಾಯ. ಮೆಣಸು ಕೆಂಪು ಸಮುದ್ರದ ದಾರಿ ಬಿಟ್ಟು ಲಿಸ್ಬನ್ನಿಗಷ್ಟೇ ಹೋಗಬೇಕೆಂಬುದು ಮೂಲ ಆಸೆ. ಅದಕ್ಕಾಗಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ 1510ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವಾ ಹಿಡಿದ, ಮರುವರ್ಷ ಮಲಕ್ಕಾ, 1515ರಲ್ಲಿ ಹೋರ್ಮುಜ್. ಆದರೆ ಕೆಂಪು ಸಮುದ್ರದ ಬಾಯಲ್ಲಿದ್ದ ಏಡನ್ 1513ರಲ್ಲಿ ಅವನ ಕೈಗೆ ಸಿಗಲಿಲ್ಲ. ಆ ಕಿಂಡಿ ಮುಚ್ಚಲೇ ಇಲ್ಲ. ಸುಮಾತ್ರಾ ದ್ವೀಪದ ಅಚೇ ಎಂಬ ಬಂದರಿನಿಂದ ಹೊರಟ ಮೆಣಸು ಪೋರ್ಚುಗೀಸರ ಕಣ್ಣು ತಪ್ಪಿಸಿ ನೇರ ಕೆಂಪು ಸಮುದ್ರ ಸೇರತೊಡಗಿತು. 1560ರ ಹೊತ್ತಿಗೆ ವೆನಿಸ್ಸಿನ ವರ್ತಕರು ಮೊದಲಿನಷ್ಟೇ ಮೆಣಸು ಕೊಳ್ಳುತ್ತಿದ್ದರು. ಕಾವಲು ಕಾಯಬೇಕಾದ ಪೋರ್ಚುಗೀಸ್ ಕಪ್ತಾನರೂ ಸ್ವಂತ ವ್ಯಾಪಾರಕ್ಕಿಳಿದು ಕಣ್ಣು ಮುಚ್ಚುತ್ತಿದ್ದುದರಿಂದ ಸೋರಿಕೆ ಇನ್ನೂ ಸಲೀಸಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಏಕಸ್ವಾಮ್ಯವಾಗಿ ಸೋತ ಪದ್ಧತಿ ಉಳಿದದ್ದು ಸುಂಕದ ಯಂತ್ರವಾಗಿ. ಹೊಸ ಸರಕು ಹುಟ್ಟಿಸದೆ, ದಾರಿ ಸುಧಾರಿಸದೆ, ಇತರರ ದುಡಿಮೆಯಲ್ಲಿ ಪಾಲು ಎತ್ತುವ ಯಂತ್ರ.

ಹಣ ಪಡೆದ ಮೇಲಾದರೂ ಮಾತು ಉಳಿಸಿಕೊಂಡರೇ? 1613ರಲ್ಲಿ ಜಹಾಂಗೀರನ ತಾಯಿಗೆ ಸೇರಿದ ರಹೀಮಿ ಎಂಬ ಹಡಗನ್ನು, ಅದರ ಬಳಿ ಕಾರ್ತಾಜ್ ಇದ್ದರೂ, ಪೋರ್ಚುಗೀಸರು ಸೂರತ್ತಿನ ಬಳಿ ಹಿಡಿದು ಗೋವಾಕ್ಕೆ ಎಳೆದೊಯ್ದರು. ಮೊಘಲರು ಇಂಗ್ಲಿಷರಿಗೆ ವ್ಯಾಪಾರಕ್ಕೆ ಅವಕಾಶ ಕೊಟ್ಟರೆಂಬ ಸಿಟ್ಟಿಗೆ. ತನ್ನದೇ ಸಹಿಯ ಕಾಗದಕ್ಕೆ ಬೆಲೆ ಕೊಡದ ಪದ್ಧತಿಯನ್ನು ವ್ಯವಸ್ಥೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹಿಂದಿನಿಂದ ಬಂದವರೂ ಸಾಚಾಗಳಲ್ಲ. 1603ರಲ್ಲಿ ಸಿಂಗಾಪುರದ ಬಳಿ ಪೋರ್ಚುಗೀಸ್ ಹಡಗೊಂದನ್ನು ದೋಚಿದ ಡಚ್ಚರು ಆ ಕೃತ್ಯದ ಸಮರ್ಥನೆಗೆ ಹ್ಯೂಗೋ ಗ್ರೋಷಿಯಸ್ ಎಂಬ ನ್ಯಾಯವಾದಿಯನ್ನು ಹಿಡಿದರು. ಕಡಲು ಯಾರ ಸೊತ್ತೂ ಅಲ್ಲ ಎಂಬ ಅವನ ವಾದ 1609ರಲ್ಲಿ ಪುಸ್ತಕವಾಗಿ ಬಂತು. ಅಂತರರಾಷ್ಟ್ರೀಯ ಕಾನೂನಿನ ತಳಪಾಯಗಳಲ್ಲೊಂದು ಎಂದು ಇಂದಿಗೂ ಹೊಗಳುತ್ತಾರೆ. ಹನ್ನೆರಡೇ ವರ್ಷಗಳ ತರುವಾಯ, 1621ರಲ್ಲಿ, ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂಡಾ ದ್ವೀಪಗಳ ಜನರನ್ನು ಬಹುಪಾಲು ಇಲ್ಲವಾಗಿಸಿದ್ದೂ ಇದೇ ಡಚ್ಚರ ಈಸ್ಟ್ ಇಂಡಿಯಾ ಕಂಪನಿ. ಅವರೂ ಏಷ್ಯಾದ ಹಡಗುಗಳಿಗೆ ರಹದಾರಿ ಕೊಟ್ಟರು, ಇಂಗ್ಲಿಷರೂ ಕೊಟ್ಟರು. ಕಾರ್ತಾಜಿನ ನಿಜವಾದ ಸಾಧನೆ ಎಂದರೆ ಈ ಮೇಲ್ಪಂಕ್ತಿ ಹಾಕಿಕೊಟ್ಟದ್ದೇ.

ಎಲ್ಲ ತಪ್ಪನ್ನೂ ಫಿರಂಗಿಗಳ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಅವರ ಸಂಖ್ಯೆ ಚಿಕ್ಕದು, ಹಡಗುಗಳು ಕಡಿಮೆ. ಒಳನಾಡಿನ ದೊಡ್ಡ ಅರಸರ ಕಣ್ಣು ಭೂಕಂದಾಯದ ಮೇಲಿತ್ತು, ಕಡಲಿನ ಜಗಳ ವರ್ತಕರ ಪಾಡು ಎಂದುಕೊಂಡರು. ಬೆನ್ನಿಗೆ ಯಾರೂ ಇಲ್ಲದ ವರ್ತಕ, ಕಾದಾಡುವುದಕ್ಕಿಂತ ಕಾಸು ಬಿಸಾಕುವುದೇ ಅಗ್ಗ ಎಂದು ಲೆಕ್ಕ ಹಾಕಿದ. ಅವನ ಮಟ್ಟಿಗೆ ಆ ಲೆಕ್ಕ ಸರಿಯೇ. ಎದುರು ನಿಂತವರು ಮಲಬಾರಿನ ಕುಂಞಾಲಿ ಎಂಬ ನೌಕಾನಾಯಕರು, ಉಳ್ಳಾಲದ ಅಬ್ಬಕ್ಕನಂಥ ಕರಾವಳಿಯ ಸಣ್ಣ ಪಾಳೆಯದವರು. ನಾಲ್ಕನೆಯ ಕುಂಞಾಲಿಯ ವಿರುದ್ಧವಂತೂ ಅವನ ಒಡೆಯ, ಕಲ್ಲಿಕೋಟೆಯ ಅರಸ ಸಾಮೂದಿರಿಯೇ ಪೋರ್ಚುಗೀಸರ ಜೊತೆ ಕೈಜೋಡಿಸಿದ. 1600ರಲ್ಲಿ ಗೋವಾದಲ್ಲಿ ಅವನ ತಲೆ ಕಡಿದರು.

ನಮ್ಮ ಕರಾವಳಿಯಲ್ಲಿ ಕೆಳದಿಯ ಶಿವಪ್ಪನಾಯಕ 1652ರಿಂದ 54ರೊಳಗೆ ಬಸ್ರೂರು, ಹೊನ್ನಾವರ, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅದು ನೆಲದ ಮೇಲಿನ ಗೆಲುವು. 1678ರಲ್ಲಿ ಕೆಳದಿ ಮತ್ತೆ ಒಪ್ಪಂದ ಮಾಡಿಕೊಂಡು ಮಂಗಳೂರಿನಲ್ಲಿ ಪೋರ್ಚುಗೀಸರ ಕೋಠಿಗೆ ಜಾಗ ಕೊಟ್ಟಿತು. ಹದಿನೆಂಟನೆಯ ಶತಮಾನ ಹುಟ್ಟಿದ ಮೇಲೂ ಕನ್ನಡ ಕರಾವಳಿಯ ಹಡಗುಗಳು ಗೋವಾದಿಂದ ಕಾರ್ತಾಜ್ ಬರೆಸಿಕೊಂಡೇ ಕಡಲಿಗಿಳಿಯುತ್ತಿದ್ದವು.